ಐದನೇ ಅಂತಸ್ತಿನ ಕುಂಕುಮ

ಆ ಬೋರ್ಡು ಬರೆಸಿದವಳು ನಾನೇ. ಹಳದಿ ತಗಡಿನ ಮೇಲೆ ಕೆಂಪು ಅಕ್ಷರ: ‘ರ‍್ಯಾಕ್ ಹತ್ತಿದವರಿಗೆ, ಫೋರ್ಕ್ ಮೇಲೆ ನಿಂತವರಿಗೆ ಅವತ್ತೇ ಕೆಲಸ ಕೊನೆ.’ ಬೊಮ್ಮಸಂದ್ರದ ನಮ್ಮ ಗೋಡೌನಿಗೆ ಯಾರೇ ಕಾಲಿಟ್ಟರೂ ಮೊದಲು ಕಣ್ಣಿಗೆ ರಾಚುವುದು ಅದೇ. ಪೇಂಟರ್ ‘ಕೆಲಸ ಕೊನೆ’ ಅನ್ನುವುದನ್ನು ಸಣ್ಣದಾಗಿ ಬರೆದು ತಂದಿದ್ದ. ವಾಪಸ್ ಕಳಿಸಿ ದಪ್ಪ ಮಾಡಿಸಿದೆ. ಆರು ವರ್ಷ ಆ ಬೋರ್ಡಿನ ಕೆಳಗೆ ಓಡಾಡಿಕೊಂಡು, ನನ್ನ ಗೋಡೌನಿನಲ್ಲಿ ಯಾರೂ ಹತ್ತುವುದಿಲ್ಲ ಎಂದು ನಂಬಿದ್ದೆ. ನಂಬಿದ್ದಷ್ಟೇ ಅಲ್ಲ, ಅಕ್ಕಪಕ್ಕದ ಕಾರ್ಖಾನೆಗಳ ಸ್ಟೋರ್ಸ್‌ನವರ ಮುಂದೆ ಜಂಬ ಕೊಚ್ಚಿಕೊಂಡಿದ್ದೆ.

ನಮ್ಮದು ಯಂತ್ರಗಳ ಬಿಡಿಭಾಗಗಳ ಗೋಡೌನು, ಉಸ್ತುವಾರಿ ನನ್ನದು. ಬೇರಿಂಗು, ಬೆಲ್ಟು, ಫಿಲ್ಟರು, ವಾಲ್ವು ಎಲ್ಲ ರಟ್ಟಿನ ಡಬ್ಬಗಳಲ್ಲಿ ಬಂದು ಪ್ಯಾಲೆಟ್ ಅನ್ನುವ ಮರದ ಮಣೆಗಳ ಮೇಲೆ ಕೂರುತ್ತವೆ. ಆ ಪ್ಯಾಲೆಟ್‌ಗಳು ಕಬ್ಬಿಣದ ರ‍್ಯಾಕಿನ ಐದು ಅಂತಸ್ತುಗಳಲ್ಲಿ ಸಾಲಾಗಿ ಇರುತ್ತವೆ. ಕೆಳಗಿನ ಎರಡು ಅಂತಸ್ತು ಕೈಗೆ ಎಟುಕುತ್ತವೆ. ಮೇಲಿನ ಮೂರರಿಂದ ಏನಾದರೂ ಬೇಕಾದರೆ ಫೋರ್ಕ್‌ಲಿಫ್ಟಿನವನು ಅದರ ಎರಡು ಕಬ್ಬಿಣದ ಫೋರ್ಕ್ ತೂರಿಸಿ ಇಡೀ ಪ್ಯಾಲೆಟ್ ಇಳಿಸಬೇಕು, ಆರ್ಡರಿನ ಸಾಮಾನು ಆರಿಸುವ ಪಿಕರ್ ಹುಡುಗಿಯರು ಬೇಕಾದ ಎರಡು ಡಬ್ಬ ತೆಗೆದುಕೊಳ್ಳಬೇಕು, ಅವನು ಮತ್ತೆ ಎತ್ತಿ ಮೇಲಿಡಬೇಕು. ಎರಡು ಫಿಲ್ಟರಿಗಾಗಿ ಅರ್ಧ ಟನ್ನು ಇಳಿಸಿ ಏರಿಸುವುದು ಹುಚ್ಚು ಕೆಲಸ ಎಂದು ನನಗೂ ಗೊತ್ತಿತ್ತು. ಆದರೆ ನಿಯಮ ಎಂದರೆ ನಿಯಮ.

ನಾನು ಹುಟ್ಟಿದ್ದು, ಬೆಳೆದದ್ದು ಇಲ್ಲೇ ಪಕ್ಕದ ಹಳ್ಳಿಯಲ್ಲಿ. ಈಗ ಅದನ್ನು ಹಳ್ಳಿ ಅಂದರೆ ನಗುತ್ತಾರೆ, ಅದು ಬೇರೆ ಮಾತು. ಬಾಯಿ ಸ್ವಲ್ಪ ಜೋರು. ಸೊಂಟದಲ್ಲಿ ಅಳತೆ ಟೇಪು ಯಾವಾಗಲೂ ಇರುತ್ತದೆ. ಹುಡುಗಿಯರು ಹಿಂದಿನಿಂದ ನನ್ನನ್ನು ‘ಟೇಪ್ ಮೇಡಂ’ ಅನ್ನುತ್ತಾರೆ ಎಂದು ಗೊತ್ತು. ಗೊತ್ತಿಲ್ಲದವಳ ಹಾಗೆ ಇರುತ್ತೇನೆ.

ಹೋದ ವರ್ಷ ಆಯುಧಪೂಜೆ ಕಳೆದ ಎರಡು ವಾರಕ್ಕೆ ಗೋಡೌನಿನ ಯಜಮಾನರು ಒಂದು ಬೆಳಗ್ಗೆ ನನ್ನ ಗಾಜಿನ ಕ್ಯಾಬಿನ್ನಿಗೆ ಬಂದು, "ಆರ್ಡರ್ ಜಾಸ್ತಿ ಆಗ್ತಾ ಇದೆ. ಮೇಲಿಂದ ಸಾಮಾನು ತೆಗೆಯೋಕೆ ಏನಾದ್ರೂ ಮೆಷಿನ್ ನೋಡಿ. ನೀವೇ ಆರಿಸಿ, ನಾನು ಸೈನ್ ಹಾಕ್ತೀನಿ," ಎಂದರು. ನನಗೆ ಹಿಗ್ಗೋ ಹಿಗ್ಗು. ಮನೆಗೆ ಹೊಸ ಗ್ರೈಂಡರ್ ಕೊಳ್ಳುವವಳ ಹಾಗೆ ಕೂತು ಕ್ಯಾಟಲಾಗುಗಳನ್ನು ತಿರುವಿ ಹಾಕಿದೆ. ಎಲ್ಲದರಲ್ಲೂ ಬಿಳಿ ಹೆಲ್ಮೆಟ್ ಹಾಕಿದ ಗಂಡಸರು, ಕನ್ನಡಿಯಂಥ ನೆಲ, ಒಂದೇ ಒಂದು ಧೂಳಿನ ಕಣ ಇಲ್ಲ. ನಮ್ಮ ಗೋಡೌನಿನಲ್ಲಿ ಆಯುಧಪೂಜೆಯ ಕುಂಕುಮವೇ ಇನ್ನೂ ಹೋಗಿರಲಿಲ್ಲ. ಪ್ರತಿ ವರ್ಷ ಹಾಗೆಯೇ. ಫೋರ್ಕ್‌ಲಿಫ್ಟು, ತಕ್ಕಡಿ, ಟೇಪ್ ಕತ್ತರಿಸುವ ಚಾಕು, ಕಂಪ್ಯೂಟರು, ರ‍್ಯಾಕಿನ ಕಂಬಗಳು, ಯಾವುದನ್ನೂ ಬಿಡುವುದಿಲ್ಲ. ಈ ಸಲ ಯಾರೋ ನನ್ನ ಕುರ್ಚಿಯ ಬೆನ್ನಿಗೂ ಬೊಟ್ಟು ಇಟ್ಟುಬಿಟ್ಟಿದ್ದರು. ನೋಡದೆ ಒರಗಿ ಕೂತೆ, ಹೊಸ ಚೂಡಿದಾರಕ್ಕೆ ಕಲೆಯಾಯಿತು. ಆ ದಿನ ಸಿಹಿ ಹಂಚುವುದನ್ನು ಬಿಟ್ಟು ಎಲ್ಲರಿಗೂ ಬೈಗುಳ ಹಂಚಿದ್ದೆ.

ಪೀಣ್ಯದಿಂದ ಒಬ್ಬರು ಬಂದರು. ಇಂಥ ಯಂತ್ರಗಳನ್ನು ಮಾರುವ, ಬಾಡಿಗೆಗೆ ಕೊಡುವ ಕಂಪನಿಯವರು. ತಲೆ ಪೂರ್ತಿ ನರೆತ ಮನುಷ್ಯ. ಊರಿನ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ಎರಡು ಗಂಟೆ ತಡವಾಗಿತ್ತು. ಮಾರುವವರು ಎಂದರೆ ಬಾಯಲ್ಲೇ ಬೆಣ್ಣೆ ಕಡೆಯುತ್ತಾರೆ ಎಂದು ನಾನು ಮೊದಲೇ ಮುಖ ಗಂಟಿಕ್ಕಿಕೊಂಡಿದ್ದೆ. ಆತ ಬ್ಯಾಗು ಕೆಳಗಿಟ್ಟು ಕೇಳಿದ್ದು ಒಂದೇ ಮಾತು: "ಎರಡು ರ‍್ಯಾಕ್ ಮಧ್ಯೆ ದಾರಿ ಎಷ್ಟಿದೆ ಮೇಡಂ?"

ಆ ಪ್ರಶ್ನೆಗೆ ನಾನು ಭಾನುವಾರ ರಜೆ ಇದ್ದಾಗಲೇ ಬಂದು ಅಳೆದು ಇಟ್ಟಿದ್ದೆ. ಕಂಬದಿಂದ ಕಂಬಕ್ಕೆ, ಒಂದು ಇಂಚೂ ಬಿಡದೆ. ಅಂಕಿ ಹೇಳಿದೆ. ಅವರು ನನ್ನ ಸೊಂಟದ ಟೇಪನ್ನೇ ಕೇಳಿ ತೆಗೆದುಕೊಂಡು ಮೂರನೇ ಸಾಲಿಗೆ ಹೋದರು. "ಕಂಬ ಅಲ್ಲ ಮೇಡಂ. ಪ್ಯಾಲೆಟ್ ಹೊರಗೆ ಚಾಚ್ಕೊಂಡಿದೆ ನೋಡಿ. ಈ ಕಡೆ ಒಂದು ಗೇಣು, ಆ ಕಡೆ ಒಂದು ಗೇಣು. ಮೆಷಿನ್ ಹೋಗೋದು ಉಳಿದ ಜಾಗದಲ್ಲಿ." ಅಳತೆ ಹಿಡಿದು ತೋರಿಸಿದರು. ನನ್ನ ಅಂಕಿಯನ್ನು ನಂಬಿ ತರಿಸಿದ್ದರೆ ಯಂತ್ರ ಸಾಲಿನ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು. ಟೇಪ್ ಮೇಡಂಗೆ ಅವಳದೇ ಟೇಪಿನಿಂದ ಪಾಠ ಆಯಿತು. ಹಿಂದೆ ನಿಂತಿದ್ದ ಹುಡುಗಿಯರು ಬಾಯಿಗೆ ದುಪಟ್ಟಾ ಅಡ್ಡ ಹಿಡಿದದ್ದು ಕಂಡಿತು.

ಆಮೇಲೆ ಕ್ಯಾಬಿನ್ನಿನಲ್ಲಿ ಕೂತು ಒಂದೊಂದನ್ನೇ ವಿವರಿಸಿದರು. ಮೊದಲನೆಯದು ಚಕ್ರದ ಏಣಿ. ಅಗ್ಗ, ಆದರೆ ಒಂದು ಕೈಯಲ್ಲಿ ಡಬ್ಬ ಹಿಡಿದು ಇನ್ನೊಂದು ಕೈಯಲ್ಲಿ ಐದನೇ ಅಂತಸ್ತಿನಿಂದ ಇಳಿಯಲು ಆಗುವುದಿಲ್ಲ. ಎರಡನೆಯದು ಕತ್ತರಿಯ ಹಾಗೆ ಮಡಚಿ ಬಿಚ್ಚಿಕೊಳ್ಳುವ ಕತ್ತರಿ ಲಿಫ್ಟು. ಮನುಷ್ಯ ಮೇಲೆ ಹೋಗುತ್ತಾನೆ, ಆದರೆ ಸಾಮಾನಿಗೆ ಜಾಗ ಕಡಿಮೆ, ಒಂದು ಸಾಲಿನಿಂದ ಇನ್ನೊಂದಕ್ಕೆ ಎಮ್ಮೆಯ ನಡಿಗೆ. ಮೂರನೆಯದು ಇರುವ ಫೋರ್ಕ್‌ಲಿಫ್ಟಿನ ಫೋರ್ಕಿಗೇ ಸಿಕ್ಕಿಸುವ ಕಬ್ಬಿಣದ ಪಂಜರ. ಆಳನ್ನು ಪಂಜರದಲ್ಲಿ ನಿಲ್ಲಿಸಿ ಕೆಳಗಿನ ಡ್ರೈವರ್ ಎತ್ತುತ್ತಾನೆ. ನಾಲ್ಕನೆಯದು ಆರ್ಡರ್ ಪಿಕರ್. ಅದರಲ್ಲಿ ನಿಲ್ಲುವ ಕಟ್ಟೆಯೇ ಫೋರ್ಕಿನ ಜೊತೆ ಮೇಲೇರುತ್ತದೆ, ಹಿಡಿಕೆ ಮೇಲೆ ನಿಂತವರ ಕೈಯಲ್ಲೇ ಇರುತ್ತದೆ, ಸೊಂಟಕ್ಕೆ ಬೆಲ್ಟು ಕಟ್ಟದಿದ್ದರೆ ಅಲುಗಾಡುವುದೇ ಇಲ್ಲ.

"ಯಾವುದು ಬೇಕು ಅಂತ ಹೇಳೋಕೆ ಮುಂಚೆ," ಎಂದು ಅವರು ಮೇಜಿನ ಮೇಲಿದ್ದ ಹಾಳೆ ಎಳೆದುಕೊಂಡರು, "ಈಗ ಮೇಲಿಂದ ಒಂದು ಡಬ್ಬ ತೆಗೆಯೋಕೆ ಎಷ್ಟು ಹೊತ್ತು ಹಿಡಿಯುತ್ತೆ?" ಹುಡುಗಿಯರ ಕೈಯಲ್ಲಿರುವ ಸ್ಕ್ಯಾನರುಗಳು ಬರೆದಿಟ್ಟ ಸಮಯ ಆ ಹಾಳೆಯಲ್ಲಿತ್ತು. ನಾನು ಹೆಮ್ಮೆಯಿಂದ ತೋರಿಸಿದೆ. ಮೇಲಿನ ಅಂತಸ್ತಿನ ಒಂದು ಡಬ್ಬಕ್ಕೆ ಮೂರು ನಿಮಿಷ, ಕೆಲವು ಕಡೆ ಎರಡೂವರೆ. ಹನ್ನೊಂದು ತೆಗೆದುಕೊಂಡ ಸೋಮಾರಿಗಳ ಅಂಕಿಯನ್ನು ಲೆಕ್ಕಕ್ಕೇ ಹಿಡಿಯಲಿಲ್ಲ.

ಅವರು ಕನ್ನಡಕ ಹಣೆಗೇರಿಸಿ ನನ್ನನ್ನು ನೋಡಿದರು. "ನೀವು ಪ್ಯಾಲೆಟ್ ಇಳಿಸಿ ತೆಗೀತೀರಾ?"

"ಹೌದು. ಇಲ್ಲಿ ಯಾರೂ ಹತ್ತಲ್ಲ. ಬೋರ್ಡ್ ನೋಡಲಿಲ್ವಾ ನೀವು?"

"ನೋಡ್ದೆ. ಆದ್ರೆ ಮೇಡಂ, ಐದನೇ ಅಂತಸ್ತಿಂದ ಇಳಿಸೋಕೇ ನಾಲ್ಕು ನಿಮಿಷ ಬೇಕು. ಮತ್ತೆ ಮೇಲಿಡೋಕೆ ಇನ್ನೂ ಜಾಸ್ತಿ. ನಾನು ಮೂವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ. ಮೂರು ನಿಮಿಷ ಅಂದ್ರೆ ಪ್ಯಾಲೆಟ್ ಕೆಳಗೆ ಬರ್ತಿಲ್ಲ. ಯಾರೋ ಮೇಲೆ ಹೋಗ್ತಿದಾರೆ."

ಹೊರಗಿನವನು ಬಂದು ನನ್ನ ಮನೆಯ ಅಡುಗೆಮನೆಯಲ್ಲಿ ಇಲಿ ಇದೆ ಅಂದ ಹಾಗಾಯಿತು. "ನೋಡೋಣ ಬನ್ನಿ," ಎಂದು ಎದ್ದೆ. ಎದ್ದ ಕೂಡಲೇ ಒಳಗೆಲ್ಲೋ ಫೋರ್ಕ್‌ಲಿಫ್ಟು ಎರಡು ಸಲ ಹಾರ್ನ್ ಹೊಡೆಯಿತು. ತಿರುವಿನಲ್ಲಿ ಹಾರ್ನ್ ಹೊಡೆಯಲೇಬೇಕು ಎನ್ನುವುದೂ ನನ್ನದೇ ನಿಯಮ. ಕೇಳಿಸಿಕೊಳ್ಳಿ ನಮ್ಮ ಶಿಸ್ತು ಎನ್ನುವಂತೆ ಅವರ ಮುಖ ನೋಡಿದೆ.

ಮೂರನೇ ಸಾಲಿನ ಮಧ್ಯೆ ಅವರು ಮೊಬೈಲಿನ ಕ್ಯಾಮೆರಾವನ್ನು ಮೇಲಕ್ಕೆ ಹಿಡಿದು ಚಿತ್ರ ದೊಡ್ಡದು ಮಾಡಿದರು. ಆಮೇಲೆ ಫೋನನ್ನೇ ನನ್ನ ಕೈಗೆ ಕೊಟ್ಟರು.

ಐದನೇ ಅಂತಸ್ತಿನ ಅಡ್ಡಕಂಬಿ. ಎರಡು ಮಾಳಿಗೆ ಮನೆಯ ತಾರಸಿಯಷ್ಟು ಎತ್ತರ. ಕಿತ್ತಳೆ ಬಣ್ಣದ ಆ ಕಂಬಿಯ ಮೇಲೆ ಅರಿಶಿನದ ಪಟ್ಟೆ, ಅದರ ಮಧ್ಯೆ ಮೂರು ಕುಂಕುಮದ ಬೊಟ್ಟು, ದಾರದಲ್ಲಿ ಕಟ್ಟಿದ ಒಂದು ಚೆಂಡುಹೂವು ಒಣಗಿ ಕಂದಾಗಿತ್ತು.

"ಅಷ್ಟು ಮೇಲೆ ಪೂಜೆ ಮಾಡಿದ್ದು ಯಾರು ಮೇಡಂ?" ಎಂದರು.

ಚಿತ್ರವನ್ನು ಇನ್ನೂ ದೊಡ್ಡದು ಮಾಡಿ ನೋಡಿದೆ. ನಮ್ಮ ಜನ ಯಾವುದಕ್ಕೆ ಕುಂಕುಮ ಇಡುತ್ತಾರೆ? ದಿನಾ ಕೈಯಲ್ಲಿ ಹಿಡಿಯುವುದಕ್ಕೆ, ಅನ್ನ ಕೊಡುವುದಕ್ಕೆ. ಯಾರೂ ಹೋಗದ ಕಡೆ ಪೂಜೆ ಮಾಡುವುದಿಲ್ಲ. ಕೆಳಗಿನ ಕಂಬಗಳಿಗೆಲ್ಲ ಎದೆಮಟ್ಟಕ್ಕೆ ಬೊಟ್ಟು ಇತ್ತು, ಅದು ಸರಿ. ಮೇಲೆ ಹುಡುಕಿದರೆ ಇದೊಂದೇ ಕಂಬಿಗೆ, ಈ ಸಾಲಿನ ಈ ಒಂದು ಜಾಗದಲ್ಲಿ ಮಾತ್ರ.

"ಬೇರೆ ಯಾವುದಕ್ಕೂ ಇಲ್ಲ. ಇದೊಂದಕ್ಕೆ ಯಾಕೆ?" ಎಂದು ಅವರೇ ತಮಗೆ ತಾವೇ ಕೇಳಿಕೊಂಡರು. ಆ ಪ್ರಶ್ನೆ ನನ್ನ ಕಿವಿಗೆ ಬಿದ್ದರೂ ತಲೆಗೆ ಹೋಗಲಿಲ್ಲ.

ಫೋರ್ಕ್‌ಲಿಫ್ಟಿನ ಡ್ರೈವರನ್ನು ಕರೆದೆ. ಆನೇಕಲ್ ಕಡೆಯ ಮನುಷ್ಯ, ನಲವತ್ತು ದಾಟಿದವನು, ಮೆತ್ತನೆಯ ಸ್ವಭಾವ. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಅವನೇ ಶುರು ಮಾಡಿದ. "ಇಲ್ಲ ಮೇಡಂ, ಅಂಗೇನೂ ಇಲ್ಲ. ನಾನು ಯಾರ್ನೂ ಎತ್ತಿಲ್ಲ." ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಕುಂಬಳಕಾಯಿ ಅಂತಲೂ ಅಂದಿರಲಿಲ್ಲ.

"ಯಾರನ್ನ?" ಎಂದೆ.

ಸಾಲಿನ ಆ ತುದಿಯಿಂದ ಒಬ್ಬಳು ನಡೆದು ಬಂದಳು. ಸ್ಕ್ಯಾನರು ಇನ್ನೂ ಕೈಯಲ್ಲೇ ಇತ್ತು. "ನನ್ನರೀ ಮೇಡಮ್ಮಾರ. ಅವರಿಗಿ ಬೈಬ್ಯಾಡ್ರಿ. ನಾನೇ ಎತ್ತ್ರಿ ಅಂತಿದ್ನಿ."

ಬಾಗಲಕೋಟೆ ಕಡೆಯವಳು. ಗಂಡ ಕಟ್ಟಡದ ಕೆಲಸ, ಇವಳು ಇಲ್ಲಿ. ಇಬ್ಬರು ಮಕ್ಕಳೊಂದಿಗೆ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ಕೋಣೆ. ನಮ್ಮಲ್ಲಿ ಎಲ್ಲರಿಗಿಂತ ಚುರುಕು. ಎಷ್ಟು ಚುರುಕೆಂದರೆ, ಆಯುಧಪೂಜೆಗೆ ತಿಂಗಳು ಮುಂಚೆ ‘ಅತಿ ವೇಗದ ಪಿಕರ್’ ಎಂದು ಅವಳಿಗೆ ಒಂದು ಪ್ರೆಶರ್ ಕುಕ್ಕರ್ ಬಹುಮಾನ ಕೊಟ್ಟಿದ್ದೆವು. ಕೊಡಿಸಿದವಳು ನಾನು. ಇವಳನ್ನು ನೋಡಿ ಕಲಿಯಿರಿ ಎಂದು ಮಿಕ್ಕವರಿಗೆ ಭಾಷಣ ಬಿಗಿದವಳೂ ನಾನೇ.

ಹೇಗೆ ಎಂದು ಕೇಳಿದೆ. ಖಾಲಿ ಪ್ಯಾಲೆಟ್ ಮೇಲೆ ನಿಲ್ಲುತ್ತಾಳೆ, ಅವನು ಫೋರ್ಕ್ ಎತ್ತುತ್ತಾನೆ, ಮೇಲೆ ಕಂಬಿ ದಾಟಿ ರ‍್ಯಾಕಿನೊಳಗೆ ಕಾಲಿಡುತ್ತಾಳೆ, ಡಬ್ಬ ತೆಗೆದುಕೊಂಡು ಮತ್ತೆ ಪ್ಯಾಲೆಟ್ಟಿಗೆ ಬರುತ್ತಾಳೆ. ಸೊಂಟಕ್ಕೆ ಬೆಲ್ಟಿಲ್ಲ, ಸುತ್ತ ತಡೆಯಿಲ್ಲ. ನಾನು ಬಂದರೆ? ಡ್ರೈವರ್ ನೆಲ ನೋಡುತ್ತಾ ಹೇಳಿದ: "ನೀವು ಕುರ್ಚಿ ಬಿಟ್ಟು ಎದ್ರೆ ಎರಡು ಸಲ ಹಾರ್ನ್ ಹೊಡೀತೀನಿ ಮೇಡಂ. ನೀವು ಈ ಕಡೆ ಬರೋದ್ರಲ್ಲಿ ಇಳಿಸ್ಬಿಡ್ತೀನಿ."

ಹಾರ್ನ್! ಆರು ವರ್ಷ ಆ ಎರಡು ಹಾರ್ನ್ ಕೇಳಿ ನನ್ನ ಶಿಸ್ತಿಗೆ ನಾನೇ ಬೀಗಿದ್ದೆ. ಅದು ಬೆಕ್ಕಿನ ಕೊರಳಿಗೆ ಇಲಿಗಳು ಕಟ್ಟಿದ ಗಂಟೆಯಾಗಿತ್ತು. ಪೀಣ್ಯದವರು ಅವಳ ಕಡೆ ತಿರುಗಿ, "ನಿಮಗೆ ಯಾವ ಮೆಷಿನ್ ಬೇಕಮ್ಮಾ?" ಎಂದು ಕೇಳಿದರು. ಅಲ್ಲಿಯವರೆಗೆ ಅದನ್ನು ಅವಳನ್ನು ಕೇಳಬೇಕೆಂದು ನನಗೆ ಹೊಳೆದೇ ಇರಲಿಲ್ಲ. ಅವಳು ಕ್ಯಾಟಲಾಗಿನ ಚಿತ್ರಗಳನ್ನು ಒಂದೊಂದಾಗಿ ನೋಡಿದಳು. ಪಂಜರದ ಚಿತ್ರದ ಹತ್ತಿರ ಕೇಳಿದಳು, "ಇದರಾಗ ಗೇರು ಯಾರ ಕೈಯಾಗ ಇರ್ತೈತ್ರಿ?"

"ಕೆಳಗಿನ ಡ್ರೈವರ್ ಕೈಲಿ."

"ಹಂಗಾರ ಇದು ಬ್ಯಾಡ್ರಿ. ಮ್ಯಾಲೆ ಹೋಗೋರ ಕೈಯಾಗ ಗೇರು ಇರಬೇಕ್ರಿ." ಡ್ರೈವರ್ ಮುಖ ಆ ಕಡೆ ತಿರುಗಿಸಿಕೊಂಡ. ನನಗೆ ಅದು ವಿಚಿತ್ರ ಅನ್ನಿಸಿದರೂ ಕೇಳುವಷ್ಟು ತಾಳ್ಮೆ ಇರಲಿಲ್ಲ.

ಆ ದಿನ ಊಟಕ್ಕೆ ಕೂತಾಗ ಕುಕ್ಕರ್ ಹಿಡಿದು ನಗುತ್ತಿದ್ದ ಅವಳ ಮುಖವೇ ಕಣ್ಣ ಮುಂದೆ ಬರುತ್ತಿತ್ತು. ಆ ಮೂರು ನಿಮಿಷಕ್ಕೆ ನಾವು ಕೊಟ್ಟ ಬಹುಮಾನ ಅದು. ಮೂರು ನಿಮಿಷ ಹೇಗೆ ಬಂತು ಎಂದು ಒಂದು ದಿನವೂ ಕೇಳದೆ ಹಾಳೆ ಮೇಲೆ ಸರಿ ಗುರುತು ಹಾಕಿದ್ದೆ. ಹನ್ನೊಂದು ನಿಮಿಷ ತೆಗೆದುಕೊಂಡು ನಿಯಮ ಪಾಲಿಸುತ್ತಿದ್ದವರನ್ನು ಸೋಮಾರಿಗಳು ಎಂದು ಬೈದಿದ್ದೆ. ಬೋರ್ಡಿನಲ್ಲಿ ಹತ್ತಬೇಡ ಅಂದೆ, ಹಾಳೆಯಲ್ಲಿ ಹತ್ತು ಅಂದೆ. ಅವರು ಹಾಳೆಯ ಮಾತು ಕೇಳಿದರು.

ಯಜಮಾನರಿಗೆ ಹೇಳದೆ ಇರುವ ಹಾಗಿರಲಿಲ್ಲ. ಮರುದಿನ ಹೇಳಿದೆ. ಅವರು ಕೆಟ್ಟವರಲ್ಲ, ಆದರೆ ಹೆದರಿದರು. ಹೆದರಿದ ಮನುಷ್ಯ ಮೊದಲು ಹುಡುಕುವುದು ಯಾರ ತಲೆಗೆ ಕಟ್ಟಲಿ ಎಂದು. "ನಿಮ್ಮದೇ ರೂಲ್ ಇದೆಯಲ್ಲಾ. ಅವಳನ್ನ ಇವತ್ತೇ ತೆಗೀರಿ. ಡ್ರೈವರ್‌ಗೆ ವಾರ್ನಿಂಗ್ ಕೊಡಿ, ಅವನು ಬೇಕು. ಆಮೇಲೆ ಆ ಪಂಜರ ತರಿಸಿ, ಅದೇ ಸಾಕು."

ಹೊರಗೆ ಅವಳು ಬೆಂಚಿನ ಮೇಲೆ ಕೂತಿದ್ದಳು. ಟಿಫಿನ್ ಚೀಲವನ್ನು ಮಡಿಲಲ್ಲಿ ಇಟ್ಟುಕೊಂಡು, ಯಾರು ಯಾವಾಗ ಕರೆದು ಕಳಿಸುತ್ತಾರೋ ಎಂದು ಸಿದ್ಧಳಾಗಿಯೇ ಬಂದಿದ್ದಳು. ಗಾಜಿನ ಆಚೆಯಿಂದ ನನಗೆ ಕಾಣುತ್ತಿತ್ತು. ಈ ಕೆಲಸ ಹೋದರೆ ಆ ಒಂದು ಕೋಣೆಯೂ ಹೋಗುತ್ತದೆ, ಮಕ್ಕಳ ಶಾಲೆಯೂ ಹೋಗುತ್ತದೆ ಎಂದು ನನಗೆ ಗೊತ್ತು. ಇಲ್ಲಿ ಎಲ್ಲರದೂ ಅದೇ ಪಾಡು. ಆದರೆ ನನ್ನ ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಬರೆದಿರುವುದೂ ಅದೇ ತಾನೆ?

ನೋಟಿಸ್ ಬೋರ್ಡಿನಿಂದ ಬಹುಮಾನದ ದಿನದ ಫೋಟೋ ಕಿತ್ತು ತಂದು ಅವರ ಮುಂದಿಟ್ಟೆ. ಮಧ್ಯೆ ಅವಳು, ಕೈಯಲ್ಲಿ ಕುಕ್ಕರ್. ಎಡಕ್ಕೆ ಯಜಮಾನರು, ಬಲಕ್ಕೆ ನಾನು. ಮೂವರ ಹಲ್ಲೂ ಕಾಣುತ್ತಿತ್ತು.

"ಇವಳನ್ನ ತೆಗೆಯೋದಾದ್ರೆ ಈ ಫೋಟೋದಲ್ಲಿರೋ ಮೂವರನ್ನೂ ತೆಗೀಬೇಕು ಸಾರ್. ಬೇಗ ತಂದ್ಲು ಅಂತ ಬಹುಮಾನ ಕೊಟ್ಟೋರು ನಾವು. ಪಂಜರ ತಂದ್ರೂ ಗೇರು ಕೆಳಗಡೆನೇ ಇರುತ್ತೆ, ಹಾರ್ನೂ ಹಾಗೇ ಇರುತ್ತೆ. ನಾಳೆ ಇನ್ನೊಬ್ಬಳು ಹತ್ತುತಾಳೆ. ಮೇಲೆ ಹೋಗೋರ ಕೈಲಿ ಹಿಡಿಕೆ ಇರೋ ಮೆಷಿನ್ನೇ ಬೇಕು, ಅದನ್ನ ಓಡಿಸೋಕೆ ಇವಳೇ ಬೇಕು. ಇಲ್ಲಾಂದ್ರೆ ನೀವು ನನಗೆ ಆರಿಸು ಅಂತ ಹೇಳಿದ್ಯಾಕೆ?"

"ಏಳನೇ ಕ್ಲಾಸ್ ಓದಿದೋಳು ಅಂಥ ಮೆಷಿನ್ ಓಡಿಸ್ತಾಳಾ?"

"ಮೆಷಿನ್ ಇಲ್ದೇನೇ ಅಷ್ಟು ಎತ್ತರ ಹೋಗಿದಾಳೆ ಸಾರ್."

ಅವರು ಫೋಟೋ ಕೈಗೆತ್ತಿಕೊಂಡರು. ಖರೀದಿ ಬೇಡ, ಮೊದಲು ಬಾಡಿಗೆಗೆ ತರಿಸಿ ಎಂದರು. ಫೋಟೋ ವಾಪಸ್ ಕೊಡಲಿಲ್ಲ, ಡ್ರಾಯರಿನಲ್ಲಿ ಹಾಕಿಕೊಂಡರು. ನಾನು ಹೊರಗೆ ಬಂದು ಅವಳಿಗೆ, "ಚೀಲ ಲಾಕರಿನಲ್ಲಿಡು, ಕೆಲಸ ನೋಡು," ಎಂದೆ. ಅವಳು ನಂಬಲಿಲ್ಲ. ಎರಡನೇ ಸಲ ಹೇಳಬೇಕಾಯಿತು.

ಯಂತ್ರ ಬರುವಷ್ಟರಲ್ಲಿ ಮೂರು ವಾರ ಹಿಡಿಯಿತು. ಆ ಮೂರು ವಾರ ಪ್ರತಿ ಪ್ಯಾಲೆಟ್ಟನ್ನೂ ಕೆಳಗಿಳಿಸಿಯೇ ತೆಗೆದೆವು. ಹನ್ನೊಂದು ನಿಮಿಷ ಎಂದರೆ ಹನ್ನೊಂದು ನಿಮಿಷ, ನಾನೇ ಸಾಲಿನಲ್ಲಿ ನಿಂತು ನೋಡಿದೆ. ಆರ್ಡರುಗಳು ತಡವಾದವು, ಬೈಗುಳ ನನಗೆ ಬಂದವು. ಜೊತೆಗೆ ಮೂರನೇ ಸಾಲಿನಲ್ಲಿ ನೆಲ ಒಂದು ಕಡೆ ಕುಸಿದಿತ್ತು. ಅಷ್ಟು ಮೇಲೆ ಹೋಗುವ ಯಂತ್ರಕ್ಕೆ ಕೆಳಗೆ ಒಂದು ಬೆರಳು ಓರೆಯಾದರೆ ಮೇಲೆ ಒಂದು ಮೊಳ ಓರೆಯಾಗುತ್ತದೆ ಎಂದು ಪೀಣ್ಯದವರು ಹೇಳಿದ್ದರು. ನೆಲ ಒಡೆಸಿ ಹೊಸದಾಗಿ ಹಾಕಿಸಿದೆ. ಹೊರಗೆ ಚಾಚಿದ್ದ ಪ್ಯಾಲೆಟ್‌ಗಳನ್ನೆಲ್ಲ ಒಳಗೆ ತಳ್ಳಿಸಿ, ಈ ಸಲ ಪ್ಯಾಲೆಟ್‌ನಿಂದ ಪ್ಯಾಲೆಟ್‌ಗೆ ಅಳೆದೆ. ಎರಡು ಸಲ ಅಳೆದೆ.

ಯಂತ್ರ ಬಂತು. ಕಟ್ಟೆಯ ಸುತ್ತ ಕಂಬಿ, ಎದುರಿಗೆ ಎರಡು ಹಿಡಿಕೆ, ಮೇಲೆ ಒಂದು ಕೊಕ್ಕೆ, ಆ ಕೊಕ್ಕೆಗೆ ಸೊಂಟದ ಬೆಲ್ಟು. ಹೇಳಿಕೊಡಲು ಪೀಣ್ಯದವರೇ ಬಂದರು. ನಾನು ಆರಿಸಿದ್ದನ್ನು ನಾನು ಹತ್ತದೆ ಬೇರೆಯವರನ್ನು ಹತ್ತಿಸುವುದಿಲ್ಲ ಎಂದು ಹಟ ಹಿಡಿದೆ. ಅವಳಿಗೂ ನನಗೂ ಒಟ್ಟಿಗೇ ಪಾಠ ಆಯಿತು. ಅವಳು ಅರ್ಧ ದಿನದಲ್ಲಿ ಕಲಿತಳು. ನನಗೆ ಎರಡು ದಿನ ಬೇಕಾಯಿತು. ಒಂದು ಸಲಕ್ಕೆ ಒಬ್ಬರೇ ಹೋಗಬೇಕಾದ ಯಂತ್ರ, ಹಾಗಾಗಿ ಮೂರನೇ ದಿನ ನಾನೊಬ್ಬಳೇ ಮೂರನೇ ಸಾಲಿನಲ್ಲಿ ಮೇಲಕ್ಕೆ ಹೋದೆ. ಅವಳು ಕೆಳಗೆ ನಿಂತು, "ಕೆಳಗ ನೋಡಬ್ಯಾಡ್ರಿ, ಎದುರಿಗಿ ನೋಡ್ರಿ," ಎಂದು ಕೂಗುತ್ತಿದ್ದಳು. ನಾಲ್ಕನೇ ಅಂತಸ್ತಿಗೇ ನನ್ನ ಅಂಗೈ ಬೆವರಿ ಹಿಡಿಕೆ ಜಾರುತ್ತಿತ್ತು. ಬೆಲ್ಟು ಇತ್ತು, ಸುತ್ತ ಕಂಬಿ ಇತ್ತು, ಗೇರು ನನ್ನ ಕೈಯಲ್ಲೇ ಇತ್ತು. ಆದರೂ ಮನೆದೇವರೆಲ್ಲ ನೆನಪಾದರು. ಇವು ಯಾವುದೂ ಇಲ್ಲದೆ ದಿನಕ್ಕೆ ಎಷ್ಟು ಸಲ ಬರುತ್ತಿದ್ದಳೋ ಅವಳು.

ಐದನೇ ಅಂತಸ್ತಿಗೆ ಬಂದು ನಿಲ್ಲಿಸಿದೆ. ಕುಂಕುಮದ ಕಂಬಿ ಕೈಯಳತೆಯಲ್ಲಿತ್ತು. ಎದುರಿಗೆ ನೋಡು ಅಂದಿದ್ದಳಲ್ಲ, ನೋಡಿದೆ.

ಎದುರಿಗೆ ನನ್ನ ಕ್ಯಾಬಿನ್ನು. ಗಾಜಿನ ಗೋಡೆ, ಮೇಜು, ನೀರಿನ ಬಾಟಲಿ, ಕುರ್ಚಿ, ಎಲ್ಲವೂ ಅಂಗೈ ಮೇಲೆ ಇಟ್ಟ ಹಾಗೆ ಸ್ಪಷ್ಟ. ಆ ಕುರ್ಚಿಯಲ್ಲಿ ಕೂತು ನಾನು ಇದೇ ಸಾಲನ್ನು ಆರು ವರ್ಷ ನೋಡಿದ್ದೇನೆ. ಯಾರು ನಿಂತು ಹರಟುತ್ತಾರೆ, ಯಾರು ಚಪ್ಪಲಿ ಹಾಕಿಕೊಂಡು ಬಂದಿದ್ದಾರೆ, ನೆಲದ ಮೇಲೆ ಬಿದ್ದ ಹಗ್ಗದ ತುಂಡು ಕೂಡ ನನ್ನ ಕಣ್ಣು ತಪ್ಪಿಸುತ್ತಿರಲಿಲ್ಲ. ಫೋರ್ಕ್‌ಲಿಫ್ಟಿನ ಕೊರಳು ದಿನಾ ಮೇಲೇರುವುದನ್ನೂ ನೋಡಿದ್ದೇನೆ. ಅದರ ತುದಿಯಲ್ಲಿ ಏನಿದೆ ಎಂದು ಒಮ್ಮೆಯೂ ತಲೆ ಎತ್ತಿರಲಿಲ್ಲ. ದೀಪದ ಬುಡದಲ್ಲಿ ಕತ್ತಲೆ ಅನ್ನುತ್ತಾರೆ, ನನ್ನ ಕತ್ತಲೆ ನೆತ್ತಿಯ ಮೇಲಿತ್ತು.

ನಿಧಾನವಾಗಿ ಇಳಿದೆ. ಬೆಲ್ಟನ್ನು ಅವಳೇ ಬಿಚ್ಚಿದಳು. ಪೀಣ್ಯದವರು ಕೇಳಿದ್ದ ಪ್ರಶ್ನೆ ಆಗ ನೆನಪಾಯಿತು.

"ಅಷ್ಟೆಲ್ಲ ಕಂಬಿ ಬಿಟ್ಟು ಅದೊಂದಕ್ಕೇ ಯಾಕೆ ಪೂಜೆ ಮಾಡಿದೆ?" ಎಂದೆ.

ಅವಳು ಬೆಲ್ಟನ್ನು ಸುತ್ತಿ ಸುತ್ತಿ ಸಣ್ಣದು ಮಾಡಿದಳು. ಡ್ರೈವರ್ ದೂರದಲ್ಲಿದ್ದಾನೆಯೇ ಎಂದು ನೋಡಿಕೊಂಡಳು.

"ಕುಕ್ಕರ್ ಕೊಟ್ಟ್ರಲ್ಲರೀ, ಅದರ ಮುಂದಿನ ವಾರಾರಿ. ನಾ ಮ್ಯಾಲೆ ಒಳಗ ಹೊಕ್ಕು ಡಬ್ಬಿ ತಗೊಂಡು ತಿರುಗಿ ಒಂದು ಕಾಲು ಹೊರಗ ಇಡಾಕತ್ತಿದ್ನಿ. ಅಷ್ಟರಾಗ ನೀವು ಕುರ್ಚಿ ಬಿಟ್ಟು ಎದ್ದ್ರಿ. ಅವರು ಹಾರ್ನ್ ಹೊಡದು ಗಾಬರಿಯಾಗಿ ಪ್ಯಾಲೆಟ್ ಇಳಿಸೇಬಿಟ್ಟ್ರು. ನನ್ನ ಕಾಲ ಕೆಳಗ ಏನೂ ಇರಲಿಲ್ರಿ. ಡಬ್ಬಿ ಒಳಗ ಬಿಸಾಕಿ ಆ ಕಂಬಿ ಹಿಡ್ಕೊಂಡು ಜೋತ್ನಿ."

"ಕೂಗಬಾರದಿತ್ತೇನೇ?" ಎಂದೆ.

"ಕೂಗಿದ್ರ ನೀವು ನೋಡ್ತಿದ್ದ್ರಿ. ನೋಡಿದ್ರ ಕೆಲಸ ಹೋಗ್ತಿತ್ತು. ಬೋರ್ಡ್ ಐತೆಲ್ಲರೀ."

"ಆಮೇಲೆ?"

"ನೀವು ಬಾಟ್ಲಿ ತಗೊಂಡು ನಿಂತಾ ನೀರು ಕುಡದ್ರಿ. ಫೋನ್ ಬಂತು, ನಿಂತಾ ಮಾತಾಡಿದ್ರಿ. ನಿಮ್ಮ ಮಾರಿ ಚೆಂದಂಗ ಕಾಣ್ತಿತ್ತು. ಮೇಡಮ್ಮಾರು ಲಗೂನ ಕುಂದರ್ಲಿ, ಕುಂದರ್ಲಿ ಅಂತ ಬೇಡ್ಕೊಂಡ್ನಿ. ಕುಂತ್ರಿ. ಅವರು ಮತ್ತ ಎತ್ತಿದ್ರು."

ಅಲ್ಲಿಯತನಕ ನಾನು ಅಂದುಕೊಂಡಿದ್ದೆ, ನಾನು ನೋಡಲಿಲ್ಲ, ಅಷ್ಟೇ ನನ್ನ ತಪ್ಪು ಎಂದು. ನಾನು ನೀರು ಕುಡಿಯಲು ಎದ್ದದ್ದಕ್ಕೆ ಒಬ್ಬಳು ಅಷ್ಟು ಎತ್ತರದಲ್ಲಿ ಎರಡು ಕೈಯಲ್ಲಿ ನೇತಾಡಿದ್ದಳು. ನನ್ನನ್ನೇ ನೋಡುತ್ತಾ ನೇತಾಡಿದ್ದಳು. ನಾನು ತಲೆ ಎತ್ತಲಿ ಎಂದಲ್ಲ, ಎತ್ತದೇ ಇರಲಿ ಎಂದು ದೇವರನ್ನು ಬೇಡಿಕೊಂಡಿದ್ದಳು.

ನನ್ನ ಮುಖ ನೋಡಿ ಅವಳಿಗೇ ಪಾಪ ಅನ್ನಿಸಿತೋ ಏನೋ. ಸಮಾಧಾನ ಮಾಡುವವಳ ಹಾಗೆ ನನ್ನ ಮೊಣಕೈ ಮುಟ್ಟಿದಳು.

"ಅದಕ್ಕರಿ ಆಯುಧಪೂಜಿ ದಿನ ಎರಡಕ್ಕೂ ಕುಂಕುಮ ಹಚ್ಚಿದ್ನಿ. ಆ ಕಂಬಿಗೂ, ನಿಮ್ಮ ಕುರ್ಚಿಗೂ. ಎರಡೂ ನನ್ನ ಜೀವಾ ಉಳಿಸ್ಯಾವು."

ಆ ಸಂಜೆ ಸ್ಟೂಲು ಹಾಕಿಕೊಂಡು ಬೋರ್ಡನ್ನು ನಾನೇ ಇಳಿಸಿದೆ. ಮನೆಗೆ ಹೋಗಿ ಆ ಚೂಡಿದಾರವನ್ನು ಹುಡುಕಿ ತೆಗೆದು, ಬೆಳಕಿಗೆ ಹಿಡಿದು ಬೆನ್ನಿನ ಭಾಗ ನೋಡಿದೆ. ಕಲೆ ಎಲ್ಲೂ ಇರಲಿಲ್ಲ. ಯಾರೋ ಬುದ್ಧಿಯಿಲ್ಲದವರು ಹಚ್ಚಿದ್ದು ಎಂದು ಬೈಯುತ್ತಾ, ನಿಂಬೆಹಣ್ಣು ಹಾಕಿ ತಿಕ್ಕಿ ತಿಕ್ಕಿ ನಾನೇ ತೆಗೆದಿದ್ದೆ.